ಗಿರಣಿ ಮನೆತನದ ಅಣುವಿಜ್ಞಾನಿ ಡಾ. ವಿಕ್ರಮ್ ಸಾರಾಭಾಯಿ

ಡಾ. ವಿಕ್ರಮ್ ಸಾರಾಭಾಯಿಯವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಶ್ರೀಮಂತ ಜೈನ ಮನೆತನದಲ್ಲಿ ಜನಿಸಿದರು. ತಂದೆ ಅಂಬಾಲಾಲರು ಕ್ಯಾಲಿಕೊ ಬಟ್ಟೆ ಗಿರಣಿಯ ಒಡೆಯರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಮಹಾಯುದ್ಧ ಆರಂಭವಾದ್ದರಿಂದ ವಿಕ್ರಮರು ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ಮಾಡಿದರು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಯುರೇನಿಯಂ ವಿದಳನದ ಅಳತೆಯನ್ನೂ ನಡೆಸಿ, 1947ರಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಹುಟ್ಟುಹಾಕಿದರು. ಬಟ್ಟೆ ಗಿರಣಿಗಳ ಸಂಶೋಧನೆಗಾಗಿ ಅಟಿರಾ ಸಂಸ್ಥೆ ಕಟ್ಟುವುದರಲ್ಲೂ ಮುಂದಾದರು. ಬರೋಡದಲ್ಲಿ ಮನೆತನದ ಔಷಧ ಕಾರ್ಖಾನೆಯನ್ನೂ ನೋಡಿಕೊಂಡರು. ವ್ಯಾಪಾರ, ವಿಜ್ಞಾನ ಎರಡೂ ಒಂದೇ ಕೈಯಲ್ಲಿ ನಡೆದವು.

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಅಧ್ಯಕ್ಷ ಸ್ಥಾನ ಸಾರಾಭಾಯಿಯವರ ಪಾಲಿಗೆ ಬಂತು. 1964ರಲ್ಲಿ ಚೀನಾ ಅಣುಬಾಂಬ್ ಸಿಡಿಸಿತ್ತು. ನಮಗೂ ಬೇಕೆಂಬ ಒತ್ತಡ ಜೋರಾಗಿತ್ತು. ಸಾರಾಭಾಯಿಯವರು ಒಪ್ಪಲಿಲ್ಲ. ಭೂಗತ ಸ್ಫೋಟದ ತಯಾರಿಯನ್ನು ನಿಲ್ಲಿಸಲು ಹೇಳಿದರು. ಸಂಸ್ಥೆಯೊಳಗೇ ಕೆಲವರಿಗೆ ಇದು ಹಿಡಿಸಲಿಲ್ಲ. ಅಣುಶಕ್ತಿ ವಿದ್ಯುತ್ತಿಗೆ, ಬೇಸಾಯಕ್ಕೆ, ವೈದ್ಯಕೀಯಕ್ಕೆ ಒದಗಬೇಕೆಂಬುದು ಅವರ ನಿಲುವಾಗಿತ್ತು.

ತೆಂಗು ಬೆಳೆಯುವ ನಮ್ಮ ಮಂಡ್ಯ ಸೀಮೆಯವರು ಇನ್ನೊಂದು ವಿಷಯ ತಿಳಿಯಬೇಕು. 1970ರ ಸುಮಾರಿಗೆ ಅವರ ಪ್ರೋತ್ಸಾಹದಿಂದ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ಚಿತ್ರ ತೆಗೆದು, ಬೇರು ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸಿದರು. ದೇಶದ ದೂರಸಂವೇದಿ ಚಿತ್ರಣಕ್ಕೆ ಅದೇ ನಾಂದಿ.

1971ರ ಡಿಸೆಂಬರ್ 30ರಂದು ಕೋವಳಂನಲ್ಲಿ, 52ನೇ ವಯಸ್ಸಿಗೇ ನಿಧನರಾದರು. ಅವರು ಕನಸು ಕಂಡ ಉಪಗ್ರಹ ಆರ್ಯಭಟ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಗಗನಕ್ಕೇರಿತು.