ಕತ್ತಲೆಯಲ್ಲಿಟ್ಟ ಗಿಡ

ಹೊಲದ ಬದುಗಳಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಬೆಳೆಯುವ ಮುಟ್ಟಿದರೆ ಮುನಿಯನ್ನು ನೋಡದ ಮಕ್ಕಳು ವಿರಳ. ಬೆರಳು ಸೋಕಿದೊಡನೆ ಅದು ಎಲೆ ಮುದುಡಿಕೊಳ್ಳುವುದನ್ನು ಕಂಡು ನಲಿಯದವರಾರು? ಆದರೆ ಯಾರೊಬ್ಬರೂ ಮುಟ್ಟದಿದ್ದರೂ ಸಂಜೆಯ ವೇಳೆಗೆ ಅದು ತಾನಾಗಿಯೇ ಎಲೆಗಳನ್ನು ಮುಚ್ಚಿ, ಬೆಳಗಾಗುತ್ತಲೇ ಬಿಚ್ಚುವುದನ್ನು ಗಮನಿಸುವವರು ಕಡಮೆ. ಗಮನಿಸಿದವರೂ ಅದು ಬಿಸಿಲಿನ ಪರಿಣಾಮವೆಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗದೆ ಪ್ರಶ್ನೆ ಕೇಳಿದವನು ಫ್ರಾನ್ಸಿನ ವಿಜ್ಞಾನಿ ಜಾನ್ ಜಾಕ್ ದ ಮೆರಾನ್.

ಮೆರಾನನು 1678ರಲ್ಲಿ ದಕ್ಷಿಣ ಫ್ರಾನ್ಸಿನ ಬೆಜಿಯೆ ಎಂಬ ಪಟ್ಟಣದಲ್ಲಿ ಜನಿಸಿದನು. ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನೂ ಹದಿನಾರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡನು. ತುಲೂಸಿನಲ್ಲಿ ಗ್ರೀಕ್ ಭಾಷೆಯನ್ನು ಕಲಿತು, ಪ್ಯಾರಿಸ್ಸಿನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳನ್ನು ಅಭ್ಯಾಸ ಮಾಡಿ ಹುಟ್ಟೂರಿಗೆ ಮರಳಿದನು. ಅಲ್ಲಿಂದಲೇ ಬರೆದು ಕಳುಹಿಸಿದ ಪ್ರಬಂಧಗಳಿಗೆ ಬೋರ್ಡೋ ನಗರದ ವಿದ್ವತ್ಸಭೆಯು 1715ರಿಂದ ಮೂರು ವರ್ಷ ಸತತವಾಗಿ ಬಹುಮಾನವಿತ್ತಿತು. 1718ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಹಿಮಗಡ್ಡೆ, ಶಾಖ, ಶಬ್ದ, ನಕ್ಷತ್ರ, ಹೀಗೆ ಆತನ ಆಸಕ್ತಿಗೆ ಎಲ್ಲೆಯೇ ಇರಲಿಲ್ಲ.

ಆತನು ಕೇಳಿಕೊಂಡ ಪ್ರಶ್ನೆ ಸರಳವಾದುದು. ಎಲೆಗಳು ಬಿಚ್ಚುವುದು ಬೆಳಕಿನಿಂದಲೇ ಆದರೆ, ಬೆಳಕೇ ಇಲ್ಲದೆಡೆ ಅವು ಏನು ಮಾಡಬೇಕು? ಮುಚ್ಚಿಕೊಂಡೇ ಇರಬೇಕಲ್ಲವೆ? ಮೆರಾನನು ಮುಟ್ಟಿದರೆ ಮುನಿಯ ಗಿಡವೊಂದನ್ನು ಬಿಸಿಲು ಸುಳಿಯದ ಕತ್ತಲೆಯ ಸ್ಥಳದಲ್ಲಿ ಇರಿಸಿದನು. ಹೊರಗೆ ಹಗಲಾದಾಗ ಒಳಗೆ ಎಲೆಗಳು ಬಿಚ್ಚಿಕೊಂಡವು, ಸಂಜೆಯಾದಾಗ ಮುಚ್ಚಿಕೊಂಡವು. ಉದಯಾಸ್ತಗಳನ್ನು ಕಾಣದ ಗಿಡ ತನ್ನ ದಿನಚರಿಯನ್ನು ಬಿಡಲಿಲ್ಲ. ಈ ಪ್ರಯೋಗಕ್ಕೆ ಬೇಕಾದುದು ಒಂದು ಕುಂಡ, ಒಂದು ಕತ್ತಲೆಯ ಮೂಲೆ ಮತ್ತು ತಾಳ್ಮೆ, ಇಷ್ಟೆ!

ವಿಚಿತ್ರವೆಂದರೆ, ಇದನ್ನು ಬರೆದು ಪ್ರಕಟಿಸುವ ಗೋಜಿಗೆ ಆತನೇ ಹೋಗಲಿಲ್ಲ. ಆತನ ಮಿತ್ರನೂ ಸಸ್ಯವಿಜ್ಞಾನಿಯೂ ಆದ ಮಾರ್ಶಾನ್ ಎಂಬಾತನು ಈ ಸಂಗತಿಯನ್ನು ಅಕಾಡೆಮಿಗೆ ತಿಳಿಸಿದನು. 1729ರ ಸಂಪುಟದಲ್ಲಿ ಅದು ಕಿರಿದಾದ ವರದಿಯಾಗಿ ಅಚ್ಚಾಯಿತು. ಗಿಡವು ಸೂರ್ಯನನ್ನು ಕಾಣದೆಯೇ ಅವನ ಇರವನ್ನು ಹೇಗೋ ಅರಿಯುತ್ತದೆ ಎಂಬುದು ಅಲ್ಲಿ ಕೊಟ್ಟ ವಿವರಣೆ. ಹಾಸಿಗೆ ಹಿಡಿದ ರೋಗಿಗಳು ಹಗಲು ಇರುಳುಗಳ ಭೇದವನ್ನು ಅರಿಯುವುದನ್ನು ಅದಕ್ಕೆ ಹೋಲಿಸಲಾಗಿತ್ತು. ಗಿಡದ ಒಳಗೇ ಕಾಲವನ್ನು ಅಳೆಯುವ ವ್ಯವಸ್ಥೆಯೊಂದು ಇರಬಹುದೆಂದು ಅಂದು ಯಾರಿಗೂ ಹೊಳೆಯಲಿಲ್ಲ. ಪ್ರಯೋಗ ಸರಿಯಾಗಿತ್ತು, ವಿವರಣೆ ತಪ್ಪಾಗಿತ್ತು.

ಮೆರಾನನ ಗಮನವೆಲ್ಲ ಬೇರೆ ಕಡೆಗಿತ್ತು. ಧ್ರುವಪ್ರದೇಶದ ಆಗಸದಲ್ಲಿ ಇರುಳು ಕಾಣುವ ಬೆಳಕಿನ ತೆರೆಗಳನ್ನು ಕುರಿತು 1733ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು, ಸೂರ್ಯನ ವಾಯುಮಂಡಲದ ದ್ರವ್ಯವೇ ಅದಕ್ಕೆ ಕಾರಣವೆಂದು ವಾದಿಸಿದನು. ಆ ಬೆಳಕಿನ ಮೂಲ ಸೂರ್ಯನಲ್ಲಿದೆ ಎಂಬಷ್ಟರ ಮಟ್ಟಿಗೆ ಆ ಊಹೆ ನಿಜವಾಯಿತು. ಗಿಡದ ವಿಷಯದಲ್ಲಿ ಮಾತ್ರ ಸೂರ್ಯನು ಆತನನ್ನು ದಾರಿ ತಪ್ಪಿಸಿದನೆನ್ನಬೇಕು. 1741ರಿಂದ 1743ರವರೆಗೆ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಆತನು 1771ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು.

ಅಷ್ಟರಲ್ಲಿ ದ್ಯುಹಾಮೆಲ್ ಎಂಬ ಮತ್ತೊಬ್ಬ ಫ್ರೆಂಚ್ ವಿಜ್ಞಾನಿ, ಕತ್ತಲೆಯಲ್ಲಿಯೂ ಗಿಡ ಹೊರಗಿನ ಸೆಕೆ ತಂಪುಗಳನ್ನು ಅರಿಯುತ್ತಿರಬಹುದೆಂದು ಶಂಕಿಸಿ, ಅದನ್ನು ಚರ್ಮದ ಪೆಟ್ಟಿಗೆಯಲ್ಲಿಟ್ಟು ಕಂಬಳಿ ಹೊದಿಸಿ ನೋಡಿದ್ದನು. ಆಗಲೂ ಎಲೆಗಳು ತಮ್ಮ ಕ್ರಮವನ್ನು ಬಿಡಲಿಲ್ಲ. ಜಿನೀವಾದ ಕಾಂಡೋಲನು ಎಡೆಬಿಡದೆ ದೀಪ ಉರಿಸಿ ಗಿಡವನ್ನು ಪರೀಕ್ಷಿಸಿ, 1832ರಲ್ಲಿ ಮಹತ್ತ್ವದ ಸಂಗತಿಯೊಂದನ್ನು ಪ್ರಕಟಿಸಿದನು. ಆ ಸ್ಥಿತಿಯಲ್ಲಿ ಗಿಡದ ದಿನ 24 ಗಂಟೆಗಳದಾಗಿರದೆ, 22ರಿಂದ 23 ಗಂಟೆಗಳದಾಗಿತ್ತು! ಗುಟ್ಟಾಗಿ ಸೂರ್ಯನನ್ನು ಅನುಸರಿಸುವ ಗಿಡ ಹೀಗೆ ದಿನದಿನಕ್ಕೆ ಮುಂದಾಗಿ ನಡೆಯುವುದೆಂತು? ಗಡಿಯಾರ ಗಿಡದ ಒಳಗೇ ಇರಬೇಕೆಂಬುದಕ್ಕೆ ಇದು ಬಲವಾದ ಆಧಾರವಾಯಿತು. ಹೊರಗಿನ ಬೆಳಕು ಆ ಗಡಿಯಾರವನ್ನು ದಿನವೂ ಸರಿಪಡಿಸುತ್ತದೆ, ಅಷ್ಟೆ.

ಈ ಜೈವಿಕ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜೀವಕೋಶದ ಒಂದು ಜೀನಿನ ಆದೇಶದಂತೆ ತಯಾರಾಗುವ ಪ್ರೋಟೀನು ರಾತ್ರಿ ಶೇಖರವಾಗುತ್ತದೆ. ಸಾಕಷ್ಟು ಶೇಖರವಾದಾಗ ಆ ಜೀನಿನ ಕೆಲಸವನ್ನೇ ತಡೆಯುತ್ತದೆ. ಹಗಲು ಅದು ಕರಗುತ್ತಾ ಬಂದಂತೆ ತಡೆ ಸಡಿಲಿ, ಜೀನು ಪುನಃ ಕೆಲಸಕ್ಕೆ ತೊಡಗುತ್ತದೆ. ಈ ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು ಒಂದು ದಿನ. ಸಸ್ಯಗಳಲ್ಲಿ ಈ ಕೆಲಸ ನಡೆಸುವ ಜೀನುಗಳು ಬೇರೆ. ಕ್ರಮ ಮಾತ್ರ ಬಹುಮಟ್ಟಿಗೆ ಇದೇ.