ಹತ್ತು ಮಕ್ಕಳ ತಾಯಿಯ ಬಾಡದ ಹೂಗಳು

ಹೂದಾನಿಯಲ್ಲಿಟ್ಟ ಗುಲಾಬಿ ಎಷ್ಟು ದಿನ ಇರುತ್ತೆ ಹೇಳಿ? ದಿನಾ ನೀರು ಬದಲಿಸಿದರೂ ಮೂರ್ನಾಲ್ಕು ದಿನ, ಅಷ್ಟೇ. ಆಮೇಲೆ ಕಸದ ಬುಟ್ಟಿಯೇ ಗತಿ. ಹೀಗೆ ಬಾಡಿಹೋಗುವ ಹೂಗಳನ್ನೇ ತೈಲವರ್ಣದಲ್ಲಿ ಹಿಡಿದಿಟ್ಟು ಹೆಸರು, ಹಣ ಎರಡನ್ನೂ ಗಳಿಸಿದ ಗೃಹಿಣಿಯೊಬ್ಬಳಿದ್ದಳು. ಆಕೆಯೇ ಹಾಲೆಂಡಿನ ರೇಚಲ್ ರಾಯ್ಶ್.

1664ರಲ್ಲಿ ಹೇಗ್ ನಗರದಲ್ಲಿ ಹುಟ್ಟಿದ ರೇಚಲ್ ಬೆಳೆದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಪ್ಪ ಫ್ರೆಡರಿಕ್ ಹೆಸರಾಂತ ಅಂಗರಚನಾ ತಜ್ಞ, ಸಸ್ಯಶಾಸ್ತ್ರಜ್ಞ. ಗಿಡ, ಕೀಟಗಳ ದೊಡ್ಡ ಸಂಗ್ರಹವೇ ಆತನ ಬಳಿಯಿತ್ತು. ಮಗಳ ಕೈಚಳಕ ಕಂಡು ಹದಿನೈದನೇ ವಯಸ್ಸಿಗೇ ವಿಲ್ಲೆಮ್ ವಾನ್ ಆಲ್ಸ್ಟ್ ಎಂಬ ಕಲಾವಿದನ ಬಳಿ ಕಲಿಯಲು ಬಿಟ್ಟ.

1693ರಲ್ಲಿ ಭಾವಚಿತ್ರ ಕಲಾವಿದ ಯೂರಿಯಾನ್ ಪೂಲ್ ಜೊತೆ ಮದುವೆಯಾಯಿತು. ಒಂದಲ್ಲ ಎರಡಲ್ಲ, ಹತ್ತು ಮಕ್ಕಳು! 'ಮದುವೆಯಾದ ಮೇಲೆ ಎಲ್ಲಾ ಬಿಟ್ಟುಬಿಟ್ಟೆ' ಎನ್ನುವವರು ಗಮನಿಸಿ, ರೇಚಲ್ ಮಾತ್ರ ಬ್ರಷ್ ಕೆಳಗಿಡಲಿಲ್ಲ. 1701ರಲ್ಲಿ ಹೇಗ್‌ನ ಕಲಾವಿದರ ಸಂಘಕ್ಕೆ ಸೇರಿದ ಮೊದಲ ಮಹಿಳೆ ಎನಿಸಿಕೊಂಡಳು. 1708ರಲ್ಲಿ ಜರ್ಮನಿಯ ಡಸೆಲ್‌ಡಾರ್ಫ್‌ನ ದೊರೆ ಯೋಹಾನ್ ವಿಲ್ಹೆಲ್ಮ್ ಆಕೆಯನ್ನು ಆಸ್ಥಾನ ಕಲಾವಿದೆಯಾಗಿ ನೇಮಿಸಿಕೊಂಡ. ಆದರೆ ಮನೆ ಬಿಟ್ಟು ಹೋಗಬೇಕಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಕೂತು ಚಿತ್ರ ಬರೆದು ಕಳಿಸಿದರೆ ಸಾಕಿತ್ತು. 1711ರಲ್ಲಿ, 47ರ ವಯಸ್ಸಿನಲ್ಲಿ ಹುಟ್ಟಿದ ಕೊನೆಯ ಮಗನಿಗೆ ದೊರೆಯ ಹೆಸರನ್ನೇ ಇಟ್ಟಳು.

ಅಷ್ಟೆಲ್ಲ ಹೇಗೆ ಸಾಧ್ಯವಾಯಿತು ಅಂತೀರಾ? ಉಳ್ಳವರ ಮನೆ ಎನ್ನುವುದೇನೋ ನಿಜ. ಆದರೆ ಗುಟ್ಟು ಆಕೆಯ ಚಿತ್ರಗಳಲ್ಲೇ ಇದೆ. ವಸಂತದ ಟುಲಿಪ್, ಬೇಸಿಗೆಯ ಗುಲಾಬಿ, ಆಮೇಲೆ ಅರಳುವ ಇನ್ನೊಂದು ಹೂವು, ಎಲ್ಲವೂ ಒಂದೇ ಹೂದಾನಿಯಲ್ಲಿ! ನಿಜದಲ್ಲಿ ಅವು ಒಟ್ಟಿಗೆ ಸಿಗುವುದೇ ಇಲ್ಲ. ತೈಲವರ್ಣ ಬೇಗ ಒಣಗದು, ಪದರದ ಮೇಲೆ ಪದರ ಹಚ್ಚಬೇಕು. ಹೂವು ಅಲ್ಲಿಯವರೆಗೆ ಕಾಯುತ್ತದೆಯೇ? ಹಾಗಾಗಿ ಅಂದಿನ ಹೂಚಿತ್ರಕಾರರು ಒಂದೊಂದು ಹೂವನ್ನು ಅದರದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ನಿಧಾನವಾಗಿ ಗುಚ್ಛ ಕಟ್ಟುತ್ತಿದ್ದರು. ರೇಚಲ್ ಬಾಗಿದ ದಂಟು, ಜೋಲುಬಿದ್ದ ಎಸಳು, ಹುಳು ತಿಂದ ಎಲೆಯನ್ನೂ ಬಿಡುತ್ತಿರಲಿಲ್ಲ.

1747ರ ಚಿತ್ರದಲ್ಲಿ ಹೆಸರಿನ ಪಕ್ಕ ತನ್ನ ವಯಸ್ಸನ್ನೂ ಬರೆದಿದ್ದಾಳೆ: 83! ಮುಚ್ಚಿಡಲಿಲ್ಲ ನೋಡಿ. 1750ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡಳು.

ನೀವೂ ಅಷ್ಟೇ, ಇಡೀ ದಿನ ಬಿಡುವು ಸಿಗಲಿ ಅಂತ ಕಾಯಬೇಡಿ. ಅಟ್ಟದಲ್ಲಿರುವ ಬಣ್ಣದ ಡಬ್ಬಿ ಇಳಿಸಿ. ಮಕ್ಕಳು ಶಾಲೆಗೆ ಹೋದ ಮೇಲೆ ಅರ್ಧ ಗಂಟೆ ಸಾಕು. ಇವತ್ತು ಒಂದೇ ಒಂದು ಎಸಳು ಬರೆಯಿರಿ. ಗುಚ್ಛ ತಾನಾಗಿ ತುಂಬುತ್ತೆ.