ಘಟೋತ್ಕಚನ ಅಸ್ಥಿಪಂಜರ ಮತ್ತು ಹಾಲ್ಡೇನ್ ಲೆಕ್ಕ

ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಎಂಬ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬೇಕು. ಅದು 2002ರಲ್ಲಿ ಫೋಟೋ ಎಡಿಟಿಂಗ್ ಸ್ಪರ್ಧೆಯೊಂದಕ್ಕೆ ಯಾರೋ ಮಾಡಿದ ಚಿತ್ರ. ಅದು ಗೊತ್ತಿಲ್ಲದಿದ್ದರೂ, ಅಂಥ ದೈತ್ಯ ಎದ್ದು ನಡೆಯಲಾರ ಎಂದು ಬರೀ ಲೆಕ್ಕದಿಂದ ಹೇಳಬಹುದು. ಆ ಲೆಕ್ಕವನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದವರು ಜೆ.ಬಿ.ಎಸ್. ಹಾಲ್ಡೇನ್.

ಅವರು ಹುಟ್ಟಿದ್ದು 1892ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಅಪ್ಪ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನಿ. ಕಲ್ಲಿದ್ದಲು ಗಣಿಗಳ ವಿಷಾನಿಲ ಅವರ ಅಧ್ಯಯನದ ವಿಷಯ. ಒಮ್ಮೆ ಮಗನನ್ನು ಗಣಿಗೆ ಕರೆದೊಯ್ದು, ನಿಂತು ನಾಟಕದ ಮಾತು ಒಪ್ಪಿಸು ಎಂದರಂತೆ. ಸ್ವಲ್ಪ ಹೊತ್ತಿಗೆ ಹುಡುಗನ ಕಾಲು ಕುಸಿಯಿತು. ನೆಲಕ್ಕೆ ಬಿದ್ದ ಮೇಲೆ ಉಸಿರು ಸರಿಯಾಯಿತು. ಗಣಿಯ ಆ ಅನಿಲ ಹಗುರ, ಛಾವಣಿಯ ಬಳಿ ಸೇರುತ್ತದೆ ಎಂಬುದೇ ಪಾಠ. (ಈಗಿನ ಅಪ್ಪಂದಿರು ದಯವಿಟ್ಟು ಪ್ರಯತ್ನಿಸಬೇಡಿ.) ಕಾಲೇಜಿನಲ್ಲಿ ಅವರು ಓದಿದ್ದು ಗಣಿತ, ಆಮೇಲೆ ಗ್ರೀಕ್-ಲ್ಯಾಟಿನ್. ವಿಜ್ಞಾನದ ಪದವಿ ಅವರಿಗಿರಲಿಲ್ಲ!

1926ರಲ್ಲಿ ಅವರು ಪ್ರಾಣಿಗಳ ಸರಿಯಾದ ಗಾತ್ರದ ಬಗ್ಗೆ ಪುಟ್ಟ ಪ್ರಬಂಧ ಬರೆದರು. ಮನುಷ್ಯನನ್ನು ಉದ್ದ, ಅಗಲ, ದಪ್ಪ ಮೂರರಲ್ಲೂ 10 ಪಟ್ಟು ಹಿಗ್ಗಿಸಿ. ತೂಕ 1000 ಪಟ್ಟಾಗುತ್ತದೆ. ಆದರೆ ಮೂಳೆಯ ಅಡ್ಡಕೊಯ್ತ 100 ಪಟ್ಟು ಮಾತ್ರ. ಮೂಳೆಯ ಒಂದೊಂದು ಚದರ ಅಂಗುಲವೂ 10 ಪಟ್ಟು ಭಾರ ಹೊರಬೇಕು. ಹೆಜ್ಜೆ ಇಟ್ಟಲ್ಲೇ ತೊಡೆ ಮುರಿಯುತ್ತದೆ.

ಇದೇ ಲೆಕ್ಕ ಉಸಿರಿಗೂ ಅನ್ವಯ. ಚರ್ಮದಿಂದಲೇ ಆಮ್ಲಜನಕ ಹೀರುವ ಸಣ್ಣ ಹುಳು 10 ಪಟ್ಟು ಹಿಗ್ಗಿದರೆ 1000 ಪಟ್ಟು ಆಮ್ಲಜನಕ ಬೇಕು, ಚರ್ಮ ಮಾತ್ರ 100 ಪಟ್ಟು. ಆದ್ದರಿಂದಲೇ ದೊಡ್ಡ ಪ್ರಾಣಿಗಳಿಗೆ ಶ್ವಾಸಕೋಶ, ಸುರುಳಿ ಸುತ್ತಿದ ಕರುಳು. ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿರುವುದಕ್ಕೂ ಇದು ಒಂದು ಮುಖ್ಯ ಕಾರಣ. ಕೋಶಕ್ಕೆ ಅನ್ನ, ಗಾಳಿ ಬರುವುದೂ ಕಸ ಹೋಗುವುದೂ ಹೊರಪೊರೆಯ ಮೂಲಕವೇ. 1 ಸೆಂ.ಮೀ. ಘನಕ್ಕೆ ಮೇಲ್ಮೈ 6, ಗಾತ್ರ 1. 2 ಸೆಂ.ಮೀ. ಆದರೆ ಮೇಲ್ಮೈ 24, ಗಾತ್ರ 8. ಅಂದರೆ ಒಳಗಿನ ಬಾಯಿಗಳು ಹೆಚ್ಚಿದಷ್ಟು ಬಾಗಿಲು ಹೆಚ್ಚುವುದಿಲ್ಲ. ಅಚ್ಚುಬೆಲ್ಲ ಹಾಗೇ ಹಾಕಿದರೆ ಪಾನಕ ತಡ, ಕುಟ್ಟಿ ಹಾಕಿದರೆ ಬೇಗ. ಬೆಲ್ಲ ಅಷ್ಟೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚು. ಆನೆಯ ಮೈಯಲ್ಲಿರುವುದೂ ದೊಡ್ಡ ಕೋಶಗಳಲ್ಲ, ಹೆಚ್ಚು ಕೋಶಗಳು. ಹಾಗಾದರೆ ಕೋಳಿಮೊಟ್ಟೆ? ಅದರ ಹಳದಿಯ ಬಹುಪಾಲು ಕೂಡಿಟ್ಟ ಆಹಾರ. ಜೀವದ ಕೆಲಸ ನಡೆಯುವುದು ಮೇಲಿನ ಚಿಕ್ಕ ಚುಕ್ಕೆಯಲ್ಲಿ.

ಹಾಲ್ಡೇನ್ ಲೆಕ್ಕವನ್ನಷ್ಟೇ ಮಾಡಿ ಕೂರಲಿಲ್ಲ. 1939ರಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತರು. ಅವರಿಗೆ ಏನಾಯಿತು ಎಂದು ತಿಳಿಯಲು ಹಾಲ್ಡೇನ್ ಉಕ್ಕಿನ ಕೋಣೆಯಲ್ಲಿ ತಮ್ಮನ್ನೇ ಕೂಡಿಹಾಕಿಕೊಂಡರು. ಮುಂದಿನ ಪ್ರಯೋಗಗಳಲ್ಲಿ ಫಿಟ್ಸ್ ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. ಒತ್ತಡಕ್ಕೆ ಕಿವಿತಮಟೆಯೂ ತೂತಾಯಿತು.

ಅವರನ್ನು ದೇವರು ಮಾಡಲು ನಮಗೆ ಇಷ್ಟವಿಲ್ಲ. ಸೋವಿಯತ್ ದೇಶದ ಲೈಸೆಂಕೋ ತಳಿವಿಜ್ಞಾನವನ್ನೇ ತುಳಿಯುತ್ತಿದ್ದಾಗ, ತಳಿವಿಜ್ಞಾನಿಯಾದ ಹಾಲ್ಡೇನ್ ತಮ್ಮ ಕಮ್ಯುನಿಸ್ಟ್ ಒಲವಿನಿಂದಾಗಿ ನೇರವಾಗಿ ಖಂಡಿಸಲು ಹಿಂಜರಿದರು. ತಮ್ಮ ಪಕ್ಷದವರದ್ದೆಂದು ಸುಳ್ಳನ್ನು ಸಹಿಸಿಕೊಳ್ಳುವ ಕಷ್ಟ ಅವರಂಥವರಿಗೂ ತಪ್ಪಲಿಲ್ಲ.

1957ರಲ್ಲಿ ಅವರು ಪತ್ನಿ ಹೆಲೆನ್ ಸ್ಪರ್ವೇ ಜೊತೆ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಕುರ್ತಾ ತೊಟ್ಟರು, ಮಾಂಸ ಬಿಟ್ಟರು, ಭಾರತದ ಪ್ರಜೆಯಾದರು. ಆಮೇಲೆ ಭುವನೇಶ್ವರದಲ್ಲಿ ನೆಲೆಸಿದರು. ಮುಂದೆ ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಮಾಡಿದ್ದು, ರೋಗದ ಬಗ್ಗೆ ತಮಾಷೆಯ ಪದ್ಯ ಬರೆದು ಪತ್ರಿಕೆಗೆ ಕೊಟ್ಟದ್ದು. ನಾಚಿಕೊಳ್ಳದೆ ಬೇಗ ಡಾಕ್ಟರ ಬಳಿ ಹೋಗಿ ಎಂಬುದೇ ಅದರ ಸಾರ.

1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಆಂಧ್ರದ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆ ಕಳಿಸಲಾಯಿತು.